ಸರಾಸರಿ ಮನುಷ್ಯನ ತೂಕ ನಮಗೇಕೆ?

ಅರವತ್ತು ದಾಟಿದ ನಾಲ್ವರು ಒಂದೆಡೆ ಸೇರಿದರೆ ಮಾತು ಮೊಣಕಾಲಿನ ನೋವಿನಿಂದ ಆರಂಭವಾಗಿ, ಸಕ್ಕರೆ, ರಕ್ತದೊತ್ತಡಗಳ ಮೂಲಕ ಹಾದು, ಕೊನೆಗೆ ತೂಕದಲ್ಲಿ ಬಂದು ನಿಲ್ಲುವುದು ವಾಡಿಕೆ. ಈಗ ಈ ಮಾತು ನಮ್ಮ ವಯಸ್ಸಿನವರಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ನನ್ನ ಬಳಿ ಓದಿ ಇಂದು ನಲವತ್ತರ ಆಸುಪಾಸಿನಲ್ಲಿರುವ ವಿದ್ಯಾರ್ಥಿಗಳು ದೂರವಾಣಿ ಮಾಡಿದಾಗ, ಕುಶಲಪ್ರಶ್ನೆ ಮುಗಿಯುತ್ತಲೇ, “ಸಾರ್, ನನ್ನ ಎತ್ತರಕ್ಕೆ ಎಷ್ಟು ತೂಕ ಇರಬೇಕು? ನೀವು ಲೆಕ್ಕದ ಮೇಷ್ಟ್ರು, ಒಂದು ಸೂತ್ರ ಹೇಳಿಬಿಡಿ” ಎನ್ನುತ್ತಾರೆ.

ನಾನು ವೈದ್ಯನಲ್ಲ, ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಿದವನು. ಆದರೆ ಈ ಪ್ರಶ್ನೆಯೊಳಗೆ ವೈದ್ಯಶಾಸ್ತ್ರಕ್ಕಿಂತ ಮೊದಲು ಒಂದು ಗಣಿತ ಅಡಗಿದೆ. ಆ ಗಣಿತವನ್ನು ಸರಿಯಾಗಿ ತಿಳಿಯದೆ ನಮ್ಮ ಬಂಧುಬಳಗದಲ್ಲಿಯೇ ಇಬ್ಬರು ತೊಂದರೆಗೆ ಸಿಲುಕಿದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆರೋಗ್ಯಕರ ತೂಕವೆಂಬುದು ಒಂದು ಸಂಖ್ಯೆಯಲ್ಲ, ಅದೊಂದು ವ್ಯಾಪ್ತಿ. ಆ ವ್ಯಾಪ್ತಿಯಲ್ಲಿ ನಮ್ಮ ಸ್ಥಾನ ಯಾವುದೆಂಬುದನ್ನು ತೂಕದ ಯಂತ್ರವೊಂದೇ ಹೇಳಲಾರದು.

ಮೊದಲು ಸೂತ್ರದ ಕಥೆ ಕೇಳಿ. ಇಂದು ಎಲ್ಲರ ಬಾಯಲ್ಲೂ ಬಿ.ಎಂ.ಐ. ಎಂದು ಓಡಾಡುತ್ತಿರುವ ದೇಹದ್ರವ್ಯರಾಶಿ ಸೂಚ್ಯಂಕವನ್ನು ಕಂಡುಹಿಡಿದವನು ವೈದ್ಯನಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ (1796–1874) ಎಂಬಾತ ಖಗೋಳಶಾಸ್ತ್ರಜ್ಞ ಮತ್ತು ಗಣಿತಜ್ಞ. ಆಕಾಶಕಾಯಗಳ ಅಳತೆಗೆ ಬಳಸುತ್ತಿದ್ದ ಸಂಖ್ಯಾಶಾಸ್ತ್ರವನ್ನು ಮನುಷ್ಯರಿಗೂ ಅನ್ವಯಿಸಬೇಕೆಂದು ಹೊರಟ ಆತ, ವಯಸ್ಕರಲ್ಲಿ ತೂಕವು ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ಗಮನಿಸಿದ. 1835ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಚಿತ್ರಿಸಲು ಯತ್ನಿಸಿದ್ದು ‘ಸರಾಸರಿ ಮನುಷ್ಯ’ನನ್ನು, ಯಾವುದೇ ರೋಗಿಯ ಆರೋಗ್ಯವನ್ನು ಅಳೆಯುವುದು ಅವನ ಉದ್ದೇಶವಾಗಿರಲಿಲ್ಲ. ಮುಂದೆ ಅಮೆರಿಕದ ಜೀವವಿಮಾ ಕಂಪನಿಗಳು ತಮ್ಮ ಪಾಲಿಸಿದಾರರ ಲೆಕ್ಕದಿಂದ ‘ಆದರ್ಶ ತೂಕ’ದ ಕೋಷ್ಟಕಗಳನ್ನು ತಯಾರಿಸಿದವು. ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1972ರಲ್ಲಿ ಕೆಟ್ಲೆಯ ಹಳೆಯ ಅನುಪಾತವನ್ನೇ ಮೇಲೆತ್ತಿ ಅದಕ್ಕೆ ಇಂದಿನ ಹೆಸರನ್ನು ಇಟ್ಟರು. ಅವರಿಗೂ ಅದು ಬೇಕಾಗಿದ್ದದ್ದು ಜನಸಮುದಾಯಗಳ ಅಧ್ಯಯನಕ್ಕೆ.

ನನ್ನ ತರಗತಿಯಲ್ಲಿ ಸರಾಸರಿಯ ಪಾಠವನ್ನು ಕೇಳಿದವರಿಗೆ ನೆನಪಿರಬಹುದು. ನಲವತ್ತು ಮಕ್ಕಳ ಅಂಕಗಳನ್ನು ಕೂಡಿಸಿ ನಲವತ್ತರಿಂದ ಭಾಗಿಸಿ, 52.6 ಎಂಬ ಉತ್ತರ ಬಂದಾಗ, “ಈಗ 52.6 ಅಂಕ ಪಡೆದವರು ಎದ್ದು ನಿಲ್ಲಿ” ಎಂದು ನಾನು ಕೇಳುತ್ತಿದ್ದೆ. ಯಾರೂ ಏಳುತ್ತಿರಲಿಲ್ಲ. ತರಗತಿ ಹೇಗಿದೆ ಎಂದು ಮುಖ್ಯೋಪಾಧ್ಯಾಯರಿಗೆ ವರದಿ ಕೊಡಲು ಸರಾಸರಿ ಉತ್ತಮ ಸಾಧನ. ಮೂರನೆಯ ಬೆಂಚಿನಲ್ಲಿ ಕುಳಿತ ಹುಡುಗನಿಗೆ ಬೀಜಗಣಿತ ಬರುತ್ತದೆಯೇ ಎಂದು ತಿಳಿಯಲು ಅದು ಸಾಲದು. ಬಿ.ಎಂ.ಐ. ವಿಷಯದಲ್ಲಿಯೂ ನಡೆದಿರುವುದು ಇದೇ.

ಹಾಗೆಂದು ಅದನ್ನು ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ಲೆಕ್ಕವನ್ನು ಮಾಡಿಯೇ ನೋಡೋಣ. ಎತ್ತರವನ್ನು ಮೀಟರಿನಲ್ಲಿ ಬರೆದು ಅದರ ವರ್ಗವನ್ನು ಕಂಡುಹಿಡಿಯಿರಿ. 160 ಸೆಂಟಿಮೀಟರ್ ಎತ್ತರದವರಿಗೆ 1.6 × 1.6 = 2.56. ವಿಶ್ವ ಆರೋಗ್ಯ ಸಂಸ್ಥೆಯು ಸಾಮಾನ್ಯವೆಂದು ಹೇಳುವ ವ್ಯಾಪ್ತಿಯ ಕೆಳಗಿನ ಎಲ್ಲೆ 18.5. ಮೇಲಿನ ಎಲ್ಲೆ ಜಗತ್ತಿಗೆಲ್ಲ 25 ಎಂದಿದ್ದರೂ, ನಮ್ಮವರಿಗೆ ಅದು ಹೆಚ್ಚಾಯಿತೆಂದು 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದ ಹೇಳಿಕೆಯು 23ಕ್ಕೆ ಇಳಿಸಿದೆ. 2.56ನ್ನು 18.5ರಿಂದ ಗುಣಿಸಿದರೆ 47.4 ಕಿಲೋ, 23ರಿಂದ ಗುಣಿಸಿದರೆ 58.9 ಕಿಲೋ. ಅಂದರೆ 160 ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಸೂತ್ರವು ಕೊಡುವ ಉತ್ತರ ಒಂದಲ್ಲ. ಸುಮಾರು 47ರಿಂದ 59ರವರೆಗಿನ, ಹನ್ನೊಂದು ಕಿಲೋಗೂ ಮಿಕ್ಕಿದ ಅಂತರ. ಈ ವಿಶಾಲವಾದ ಅಂಗಳವನ್ನು ಬಿಟ್ಟು ನಾವೆಲ್ಲ ಒಂದು ಚುಕ್ಕೆಯ ಮೇಲೆ ನಿಲ್ಲಲು ಹೆಣಗುತ್ತಿದ್ದೇವೆ.

ಎತ್ತರದ ಸೆಂಟಿಮೀಟರಿನಿಂದ ನೂರು ಕಳೆಯಿರಿ ಎಂಬ ಇನ್ನೊಂದು ಬಾಯಿಲೆಕ್ಕವೂ ಉಂಟು. ಫ್ರಾನ್ಸಿನ ಶಸ್ತ್ರವೈದ್ಯ ಬ್ರೋಕಾನ ಹೆಸರಿನಲ್ಲಿ ಅದು ಚಲಾವಣೆಯಲ್ಲಿದೆ. 150 ಸೆಂಟಿಮೀಟರಿನವರಿಗೆ ಅದು 50 ಕಿಲೋ ಎನ್ನುತ್ತದೆ, ತೊಂದರೆಯಿಲ್ಲ. ಆದರೆ 180 ಸೆಂಟಿಮೀಟರಿನವರಿಗೆ 80 ಕಿಲೋ ಎನ್ನುತ್ತದೆ. ಭಾರತೀಯರ ಮೇಲಿನ ಎಲ್ಲೆಯ ಪ್ರಕಾರ ಆ ಎತ್ತರಕ್ಕೆ 74.5 ಕಿಲೋ ದಾಟಬಾರದು. ಸುಲಭವಾದ ಸೂತ್ರಗಳೆಲ್ಲವೂ ಸರಿಯಾದ ಸೂತ್ರಗಳಲ್ಲ.

ಇನ್ನು ನಮ್ಮವರಿಗೇಕೆ ಪ್ರತ್ಯೇಕ ಎಲ್ಲೆ ಎಂಬ ಪ್ರಶ್ನೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯವಿಜ್ಞಾನಿಗಳ ಒಂದು ಪುಟ್ಟ ಬರಹ ಚಿತ್ರಸಹಿತ ಪ್ರಕಟವಾಯಿತು. ಒಬ್ಬರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಸಿ. ಎಸ್. ಯಾಜ್ಞಿಕ್, ಮತ್ತೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿ.ಎಂ.ಐ. ಕೂಡ 22.3. ಕೋಷ್ಟಕದ ದೃಷ್ಟಿಯಲ್ಲಿ ಇಬ್ಬರೂ ಅವಳಿಗಳು. ಆದರೆ ಕ್ಷಕಿರಣದ ವಿಶೇಷ ಯಂತ್ರದಲ್ಲಿ ಅಳೆದಾಗ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2! ಒಂದೇ ಸೂಚ್ಯಂಕ, ಎರಡು ಪಟ್ಟಿಗೂ ಮಿಕ್ಕಿದ ಕೊಬ್ಬು. ಭಾರತೀಯರ ಕೈಕಾಲುಗಳು ತೆಳ್ಳಗಿದ್ದು, ಸ್ನಾಯು ಕಡಿಮೆಯಿದ್ದು, ಕೊಬ್ಬು ಹೊಟ್ಟೆಯ ಒಳಗೆ ಅಂಗಾಂಗಗಳ ಸುತ್ತ ಸಂಗ್ರಹವಾಗುವ ಪ್ರವೃತ್ತಿ ಹೆಚ್ಚು. ಮಧುಮೇಹಕ್ಕೆ ದಾರಿ ಮಾಡಿಕೊಡುವುದು ಈ ಒಳಗಿನ ಕೊಬ್ಬೇ. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಅಲ್ಲಿಯ ಮಧುಮೇಹ ಸಂಘವು ಕೂಡ ಏಷ್ಯಾ ಮೂಲದವರಿಗೆ ಬಿ.ಎಂ.ಐ. 23 ಮುಟ್ಟಿದಾಗಲೇ ಸಕ್ಕರೆಯ ಪರೀಕ್ಷೆಯನ್ನು ಪರಿಗಣಿಸಬೇಕೆಂದು 2015ರಿಂದ ಸಲಹೆ ಮಾಡುತ್ತಿದೆ. ಅಲ್ಲಿನ ಗೋಡೆಯ ಮೇಲಿನ ಪಟ್ಟಿಯಲ್ಲಿ 25ರ ಒಳಗಿದ್ದೇನೆಂದು ನಿಶ್ಚಿಂತರಾಗಬೇಡಿ.

ಈಗ ಬಂಧುಬಳಗದ ಆ ಇಬ್ಬರ ವಿಷಯಕ್ಕೆ ಬರುತ್ತೇನೆ. ಅವರಿಬ್ಬರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಮೊದಲನೆಯವನು ನನ್ನ ತಮ್ಮ. ಎತ್ತರ 168 ಸೆಂಟಿಮೀಟರ್, ತೂಕ 62 ಕಿಲೋ. ಸೂಚ್ಯಂಕ 22. ಹಬ್ಬಹರಿದಿನಗಳಲ್ಲಿ ನಾವೆಲ್ಲ ಎರಡನೆಯ ಹೋಳಿಗೆಗೆ ಹಿಂದೆಮುಂದೆ ನೋಡುತ್ತಿದ್ದರೆ ಅವನು, “ನೀನು ತೂಕ ನೋಡ್ಕೋ ಅಣ್ಣ, ನಂದು ಲೆಕ್ಕದ ಪ್ರಕಾರ ಸರಿಯಾಗಿದೆ” ಎಂದು ಮೂರನೆಯದಕ್ಕೆ ಎಲೆಯಲ್ಲಿ ಜಾಗ ಮಾಡುತ್ತಿದ್ದ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಹೋದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಎಷ್ಟೋ ಕಾಲದಿಂದ ಏರಿಕೊಂಡೇ ಇದ್ದುದು ತಿಳಿಯಿತು. ಪಾದಗಳಲ್ಲಿ ಸ್ಪರ್ಶಜ್ಞಾನ ಆಗಲೇ ಕುಂದಿತ್ತು. ಅವನ ಸೊಂಟದ ಸುತ್ತಳತೆ 94 ಸೆಂಟಿಮೀಟರ್. ತೆಳುವಾದ ಕೈಕಾಲುಗಳ ನಡುವೆ ಆ ಹೊಟ್ಟೆಯನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು. ತೂಕದ ಯಂತ್ರಕ್ಕೆ ಮಾತ್ರ ಅದು ಕಾಣಲಿಲ್ಲ.

ಎರಡನೆಯವಳು ವರಸೆಯಲ್ಲಿ ನನ್ನನ್ನು ದೊಡ್ಡಪ್ಪ ಎಂದು ಕರೆಯುವ ಹುಡುಗಿ. ಮದುವೆ ಗೊತ್ತಾದಾಗ ಅವಳ ಎತ್ತರ 162 ಸೆಂಟಿಮೀಟರ್, ತೂಕ 59 ಕಿಲೋ. ಸೂಚ್ಯಂಕ 22.5, ಸೊಂಟವೂ ಮಿತಿಯೊಳಗೆ, ರಕ್ತಪರೀಕ್ಷೆಯೂ ನಿರ್ಮಲ. ಆದರೆ ಆರತಿಯ ಹೊತ್ತಿಗೆ 50 ಕಿಲೋ ಆಗಬೇಕೆಂದು ಅವಳು ಗುರಿಯಿಟ್ಟಳು. ಏಕೆ ಐವತ್ತು ಎಂದು ಕೇಳಿದರೆ, “ರೌಂಡ್ ಫಿಗರ್ ಅಲ್ವಾ ದೊಡ್ಡಪ್ಪ” ಎಂದಳು. ಮೂರು ತಿಂಗಳು ಸೌತೆಕಾಯಿ, ಮಜ್ಜಿಗೆಗಳಲ್ಲಿ ಕಾಲ ಹಾಕಿದಳು. ಕೂದಲು ಉದುರಿತು, ಮುಟ್ಟು ನಿಂತಿತು, ದೇವರ ಸಮಾರಾಧನೆಯ ದಿನ ತಲೆಸುತ್ತಿ ಬಿದ್ದಳು. ಚಿತ್ರಗಳೇನೋ ಚೆನ್ನಾಗಿ ಬಂದವು. ವರ್ಷ ತುಂಬುವುದರೊಳಗೆ ತೂಕ 63ಕ್ಕೆ ಹೋಯಿತು. ಉಪವಾಸದಲ್ಲಿ ಕರಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಕರಗುತ್ತದೆ. ಮರಳಿ ಏರುವಾಗ ಕೊಬ್ಬು ಬಂದಷ್ಟು ಸುಲಭವಾಗಿ ಸ್ನಾಯು ಬರುವುದಿಲ್ಲ.

ಒಬ್ಬನಿಗೆ ಸೂಚ್ಯಂಕ ಸುಳ್ಳು ಧೈರ್ಯ ಕೊಟ್ಟಿತು. ಇನ್ನೊಬ್ಬಳಿಗೆ ಒಂದು ಸೊನ್ನೆಯುಳ್ಳ ಸಂಖ್ಯೆ ಸುಳ್ಳು ಭಯ ಕೊಟ್ಟಿತು.

ಹಾಗಾದರೆ ಏನನ್ನು ಅಳೆಯಬೇಕು? ಇದಕ್ಕೆ ಪ್ರಯೋಗಾಲಯ ಬೇಡ, ಒಂದು ದಾರ ಸಾಕು. ನಿಮ್ಮ ಎತ್ತರದಷ್ಟು ಉದ್ದದ ದಾರವನ್ನು ಕತ್ತರಿಸಿ, ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿ, ಸೊಂಟಕ್ಕೆ ಸುತ್ತಿ ನೋಡಿ. ಎರಡು ತುದಿಗಳೂ ಆರಾಮವಾಗಿ ಕೂಡಿದರೆ ಒಳ್ಳೆಯದು. ನಡುವೆ ಅಂತರ ಉಳಿದರೆ ಹೊಟ್ಟೆಯ ಕೊಬ್ಬು ಹೆಚ್ಚಿದೆ ಎಂದರ್ಥ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬ ಈ ನಿಯಮವನ್ನು ಬ್ರಿಟನ್ನಿನ ಅಧಿಕೃತ ಆರೋಗ್ಯ ಮಾರ್ಗದರ್ಶಿಯು 2022ರಲ್ಲಿ ಅಂಗೀಕರಿಸಿದೆ. ನನ್ನ ತಮ್ಮನಿಗೆ ಇದು 84 ಸೆಂಟಿಮೀಟರ್ ಎಂದಾಗುತ್ತದೆ. ಅವನು ಹತ್ತು ಸೆಂಟಿಮೀಟರ್ ಮುಂದಿದ್ದ. ಭಾರತೀಯ ತಜ್ಞರು ಹಾಕಿಕೊಟ್ಟ ಎಲ್ಲೆಯೂ ಉಂಟು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ಅಳೆಯುವಾಗ ಎರಡು ಎಚ್ಚರಿಕೆ. ಪ್ಯಾಂಟಿನ ಅಳತೆ ಸೊಂಟದ ಅಳತೆಯಲ್ಲ. ನಮ್ಮಲ್ಲಿ ಅನೇಕರ ಪ್ಯಾಂಟು ಹೊಟ್ಟೆಗೆ ಶರಣಾಗಿ ಅದರ ಕೆಳಗೆ ಇಳಿದು ಬಹಳ ಕಾಲವಾಗಿರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಡುಮಧ್ಯದಲ್ಲಿ ಅಳೆಯಬೇಕು. ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಬೇಕೇ ಹೊರತು ಹೊಟ್ಟೆಯನ್ನು ಒಳಗೆಳೆದುಕೊಂಡಲ್ಲ. ದಾರಕ್ಕೆ ಮೋಸ ಮಾಡಿದರೆ ಪರೀಕ್ಷೆಯಲ್ಲಿ ನಕಲು ಮಾಡಿದಂತೆಯೇ.

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದಿನವಿಡೀ ಮೂಟೆ ಹೊರುವ ಹಮಾಲಿಯೊಬ್ಬರೂ, ಅಲ್ಲಿಯೇ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವ ಗುಮಾಸ್ತರೊಬ್ಬರೂ ಒಂದೇ ಎತ್ತರ, ಒಂದೇ ತೂಕ ಇರಬಹುದು. ಬಿ.ಎಂ.ಐ. ಇಬ್ಬರಿಗೂ ಒಂದೇ ಅಂಕ ಕೊಡುತ್ತದೆ. ದಾರ ಇಬ್ಬರನ್ನೂ ಬೇರೆಯಾಗಿ ಗುರುತಿಸುತ್ತದೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗದ ಅಂತರರಾಷ್ಟ್ರೀಯ ತಜ್ಞರು ಹೇಳಿದ್ದರ ಸಾರವೂ ಇದೇ: ಬಿ.ಎಂ.ಐ. ಒಂದನ್ನೇ ನಂಬಿ ಒಬ್ಬ ವ್ಯಕ್ತಿಗೆ ಬೊಜ್ಜಿನ ಕಾಯಿಲೆ ಎಂದು ನಿರ್ಣಯಿಸಬಾರದು. ಸುತ್ತಳತೆಯನ್ನೂ, ಅಂಗಾಂಗಗಳ ಸ್ಥಿತಿಯನ್ನೂ ಜೊತೆಗೆ ನೋಡಬೇಕು.

ಮುಂದಿನ ಪ್ರಶ್ನೆ, ಇಳಿಸಬೇಕಾದವರು ಎಷ್ಟು ಇಳಿಸಬೇಕು ಎಂಬುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬ್ಯಾಂಕಿನಲ್ಲಿದ್ದಾನೆ. 168 ಸೆಂಟಿಮೀಟರ್, 82 ಕಿಲೋ. ಕೋಷ್ಟಕ ನೋಡಿ 65ಕ್ಕೆ ಬರಬೇಕೆಂದು ಲೆಕ್ಕ ಹಾಕಿದ. ಹದಿನೇಳು ಕಿಲೋ! ಎರಡು ವಾರ ಓಡಿದ, ಒಂದೂವರೆ ಕಿಲೋ ಇಳಿಯಿತು, ಇನ್ನೂ ಹದಿನೈದೂವರೆ ಬಾಕಿ ಎಂದು ಕಂಡು ಕೈಚೆಲ್ಲಿದ. ಶಿಕ್ಷಕನಾಗಿ ನನಗೆ ಇದು ಚೆನ್ನಾಗಿ ಪರಿಚಯವಿರುವ ರೋಗ. ಅರ್ಧವಾರ್ಷಿಕದಲ್ಲಿ 28 ಅಂಕ ಬಂದ ಹುಡುಗನಿಗೆ “ನೀನು 90 ತೆಗೆಯಬೇಕು” ಎಂದರೆ ಅವನು ಪುಸ್ತಕ ಮುಚ್ಚುತ್ತಾನೆ. ಆಗ ಉತ್ತೀರ್ಣತೆಗೆ ಬೇಕಿದ್ದ 35ರ ಕಡೆ ಬೆರಳು ತೋರಿಸಿದರೆ ಓದುತ್ತಾನೆ. 35 ಬಂದ ಮೇಲೆ 50ರ ಮಾತು.

ತೂಕದಲ್ಲಿಯೂ ಅಂಥದೊಂದು ಮೊದಲ ಮೆಟ್ಟಿಲಿದೆ ಎನ್ನಲು ಆಧಾರವಿದೆ. ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕೊಟ್ಟ ಗುರಿ, ಇದ್ದ ತೂಕದ ಶೇ. 7ರಷ್ಟನ್ನು ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಯಾರಿಗೂ ಆದರ್ಶ ತೂಕದ ಗುರಿ ಕೊಡಲಿಲ್ಲ. ಅಷ್ಟರಿಂದಲೇ ಮಧುಮೇಹಕ್ಕೆ ತುತ್ತಾಗುವವರ ಪ್ರಮಾಣ ಶೇ. 58ರಷ್ಟು ತಗ್ಗಿತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಅಲ್ಲಿ ಊಟ, ನಡಿಗೆಗಳನ್ನು ತಿದ್ದಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಆದರೂ ಮಧುಮೇಹದ ಸಂಭವ ಶೇ. 28.5ರಷ್ಟು ಕಡಿಮೆಯಾಯಿತು. ಮುಳ್ಳು ಅಲುಗದಿದ್ದರೂ ಮೈಯೊಳಗೆ ಒಳ್ಳೆಯದು ನಡೆದಿರಬಹುದು ಎಂಬುದನ್ನು ನಿರಾಶರಾದವರೆಲ್ಲ ನೆನಪಿಡಬೇಕು.

ಆದ್ದರಿಂದ ಆ ಬ್ಯಾಂಕಿನ ಹುಡುಗನಿಗೆ ನಾನು ಹೇಳಿದ ಗುರಿ 65 ಅಲ್ಲ. ಆರು ತಿಂಗಳಲ್ಲಿ 77. ಅಂದರೆ ಇದ್ದ ತೂಕದ ಶೇ. 6. ವಾರಕ್ಕೆ ಅರ್ಧ ಕಿಲೋಗಿಂತ ವೇಗ ಬೇಡ. ಅಲ್ಲಿ ನಿಂತು ಸಕ್ಕರೆ, ರಕ್ತದೊತ್ತಡ, ಕೊಬ್ಬಿನಾಂಶ, ಸೊಂಟದ ದಾರ, ಇವನ್ನು ವೈದ್ಯರೊಂದಿಗೆ ಕುಳಿತು ನೋಡಬೇಕು. ಅವು ಸುಧಾರಿಸಿದ್ದರೆ ಅದನ್ನು ಕಾಪಾಡಿಕೊಳ್ಳುವುದೂ ಒಂದು ಗೆಲುವು. ಮುಂದಿನ ಗುರಿ ಬೇಕೋ ಬೇಡವೋ ಎಂಬುದನ್ನು ಆಗ ತೀರ್ಮಾನಿಸಬಹುದು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಹೆಸರು ಈಗ ಮನೆಮನೆಯಲ್ಲಿ ಕೇಳಿಬರುತ್ತಿದೆ. ಅವು ಕೆಲವರಿಗೆ ನಿಜವಾಗಿ ಅಗತ್ಯವಿರಬಹುದು. ಅದನ್ನು ವೈದ್ಯರು ನಿರ್ಧರಿಸಲಿ, ಮದುವೆಯ ಆಮಂತ್ರಣ ಪತ್ರಿಕೆಯ ದಿನಾಂಕವಲ್ಲ.

ನನ್ನ ಸಮವಯಸ್ಕರಿಗೆ ಬೇರೆಯದೇ ಮಾತು. ಅರವತ್ತೈದರ ನಂತರ ತೆಳ್ಳಗಾಗುವುದೇ ಆರೋಗ್ಯವೆಂಬ ಭ್ರಮೆ ಬೇಡ. ವಯಸ್ಸಾದಂತೆ ಸ್ನಾಯು ತಾನಾಗಿಯೇ ಕರಗುತ್ತದೆ. ಬಿದ್ದಾಗ ಎಲುಬನ್ನು ಕಾಯುವುದೂ, ಜ್ವರ ಬಂದಾಗ ತಡೆದುಕೊಳ್ಳುವ ಶಕ್ತಿ ಕೊಡುವುದೂ ಆ ಸ್ನಾಯುವೇ. ನಮ್ಮ ವಯಸ್ಸಿನವರಿಗೆ ತುಸು ಮೇಲಿನ ತೂಕ ಅಷ್ಟೊಂದು ಅಪಾಯವಲ್ಲ. ಪ್ರಯತ್ನವಿಲ್ಲದೆ ಇಳಿಯುವ ತೂಕವೇ ಅಪಾಯ. ಆರು ತಿಂಗಳಿಂದ ಒಂದು ವರ್ಷದೊಳಗೆ ಶೇ. 5ರಷ್ಟು, ಅಂದರೆ 60 ಕಿಲೋ ಇದ್ದವರಿಗೆ 3 ಕಿಲೋ, ತಾನಾಗಿ ಇಳಿದರೆ ಸಂತೋಷಪಡದೆ ವೈದ್ಯರ ಬಳಿ ಹೋಗಿ. ನಮ್ಮ ಗುರಿ ತೂಕವಲ್ಲ, ಕೈಯೂರದೆ ಕುರ್ಚಿಯಿಂದ ಏಳುವುದು. ತಟ್ಟೆಯಲ್ಲಿ ಅನ್ನದ ಗುಡ್ಡ ಸ್ವಲ್ಪ ತಗ್ಗಲಿ. ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಹೆಚ್ಚಲಿ. ಇನ್ನು ಹದಿನೆಂಟು ತುಂಬದ ಮೊಮ್ಮಕ್ಕಳಿಗೆ ದೊಡ್ಡವರ ಕೋಷ್ಟಕ ಹಿಡಿಯಲೇಬೇಡಿ. ಬೆಳೆಯುವ ಮಕ್ಕಳ ಲೆಕ್ಕ ವಯಸ್ಸಿಗೆ ತಕ್ಕಂತೆ ಬೇರೆಯೇ ಇರುತ್ತದೆ.

ತೆಳುವಾಗಿರುವುದೂ ನಮ್ಮ ದೇಶದಲ್ಲಿ ಒಂದು ರೋಗವೇ ಎಂಬುದನ್ನು ನಗರದ ಮಧ್ಯಮವರ್ಗದ ನಾವು ಮರೆಯುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಹೆಂಗಸರಲ್ಲಿ ಶೇ. 24ರಷ್ಟು ಮಂದಿ ಅಧಿಕ ತೂಕದವರು, ಶೇ. 18.7ರಷ್ಟು ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆ. ಒಂದೇ ಬೀದಿಯಲ್ಲಿ ಎರಡೂ ಇವೆ. ಚರಕಸಂಹಿತೆಯು ಅತಿಸ್ಥೂಲ, ಅತಿಕೃಶ ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಸೇರಿಸಿ ಎರಡನ್ನೂ ದೋಷವೆಂದಿರುವುದು ಸುಮ್ಮನೆ ಅಲ್ಲ.

ಕೊನೆಯದಾಗಿ ಬಂಧುಗಳಲ್ಲಿ ಒಂದು ವಿನಂತಿ. ಮದುವೆ, ಗೃಹಪ್ರವೇಶಗಳಲ್ಲಿ ಎದುರಾದ ಕೂಡಲೇ “ಏನೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯ”, “ಏನೋ, ಸಕ್ಕರೆ ಬಂತಾ, ಹೀಗೆ ಇಳಿದುಹೋಗಿದ್ದೀಯ” ಎಂದು ತೂಕ ಹಾಕುವ ಚಾಳಿಯನ್ನು ನಾವು ಬಿಡಬೇಕು. ಪ್ರೀತಿಯಿಂದಲೇ ಹೇಳುತ್ತೇವೆ, ಒಪ್ಪುತ್ತೇನೆ. ಆದರೆ ಐವತ್ತು ಕಿಲೋ ಎಂಬ ಸಂಖ್ಯೆ ಆ ಹುಡುಗಿಯ ತಲೆಗೆ ಹೊಕ್ಕದ್ದು ಯಾವ ಪುಸ್ತಕದಿಂದಲೂ ಅಲ್ಲ, ನಮ್ಮ ಪಂಕ್ತಿಯ ಮಾತುಗಳಿಂದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಎರಡೂ ಭಾಗಗಳು ಇಲ್ಲಿ ಸಲ್ಲುತ್ತವೆ.

ಪ್ರಿಯ ವಿದ್ಯಾರ್ಥಿಗಳೇ, ನೀವು ಕೇಳಿದ ಸೂತ್ರವನ್ನು ಕೊಟ್ಟಿದ್ದೇನೆ. ಅದರ ಮಿತಿಯನ್ನೂ ಹೇಳಿದ್ದೇನೆ. ಈ ಭಾನುವಾರ ಮನೆಯವರೆಲ್ಲ ಒಂದು ದಾರ ಹಿಡಿದು ಅಳೆದುಕೊಳ್ಳಿ. ಮೂವತ್ತು ದಾಟಿದವರು ದಾರ ಏನೇ ಹೇಳಲಿ, ಒಮ್ಮೆ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. ತುದಿಗಳು ಕೂಡದವರು ಹೆದರಬೇಡಿ, ಮೊದಲ ಮೆಟ್ಟಿಲನ್ನು ಮಾತ್ರ ನೋಡಿ. ನನ್ನ ತಮ್ಮ ಈಗ ಬೆಳಿಗ್ಗೆ ನಲವತ್ತು ನಿಮಿಷ ನಡೆಯುತ್ತಾನೆ, ಒಂದು ಹೋಳಿಗೆಗೆ ತೃಪ್ತನಾಗುತ್ತಾನೆ. ತೂಕ ಒಂದು ಕಿಲೋ ಮಾತ್ರ ಇಳಿದಿದೆ. ಸೊಂಟ ಐದು ಸೆಂಟಿಮೀಟರ್ ಇಳಿದಿದೆ. ನಾನು ಅಂಕ ಹಾಕುವುದಾದರೆ ಎರಡನೆಯದಕ್ಕೇ ಹಾಕುತ್ತೇನೆ.

ಎಲ್ಲರಿಗೂ ಆರೋಗ್ಯ ಲಭಿಸಲಿ.